ಓದುಗರ ಪ್ರಶ್ನೆ: ಪ್ರೋಗ್ರಾಮ್ ಕಂಟೇನರ್ ಒಳಗಿದೆ ಅಂತ ತಿಳಿಯೋದು ಹೇಗೆ?

ಹೋದ ಸಂಚಿಕೆಯಲ್ಲಿ ಡಾಕರ್ (ಕಂಟೇನರ್ ಓಡಿಸುವ ಸಾಫ್ಟ್‌ವೇರ್) ಬಗ್ಗೆ ಒಂದು ಸಣ್ಣ ಉತ್ತರ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಂಟೇನರ್ ಸುತ್ತಲೇ ಇವೆ. ಕಂಟೇನರ್ ಅಂದರೆ ಒಂದು ಪ್ರೋಗ್ರಾಮ್ ಅನ್ನು ಅದಕ್ಕೆ ಬೇಕಾದ ಫೈಲ್‌ಗಳ ಜೊತೆ, ಉಳಿದವುಗಳಿಂದ ಬೇರ್ಪಡಿಸಿ ಓಡಿಸುವುದು. ಐದನ್ನು ಆರಿಸಿಕೊಂಡು ಈ ಸಲದ ಪುಟಗಳನ್ನು ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ. ಫೈಲ್ ಮತ್ತು ಕಮಾಂಡ್ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ಈ ಕೆಲಸ ಮಾಡುವವರಿಗೆ ಗುರುತು ಸಿಗುತ್ತದೆ.

ಪ್ರಶ್ನೆ: ನಾನು ಧಾರವಾಡದವನು. ಐದು ಜನರ ಸಣ್ಣ ಕಂಪನಿಯಲ್ಲಿ ಕೆಲಸ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಕೆಲವು ಗ್ರಾಹಕರಲ್ಲಿ ನೇರವಾಗಿ ಸರ್ವರ್ ಮೇಲೆ ಓಡುತ್ತದೆ, ಕೆಲವರಲ್ಲಿ ಕಂಟೇನರ್ ಒಳಗೆ. ಕಂಟೇನರ್ ಆದರೆ ಲಾಗ್ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹೋಗಬೇಕು, ಇಲ್ಲದಿದ್ದರೆ ಫೈಲ್‌ಗೆ. ಇದನ್ನು ತೀರ್ಮಾನಿಸಲು ರೂಟ್‌ನಲ್ಲಿ ‘.ಡಾಕರ್‌ಎನ್ವ್’ ಅನ್ನೋ ಫೈಲ್ ಇದೆಯಾ ಅಂತ ನೋಡುತ್ತಿದ್ದೆವು. ಒಬ್ಬ ಗ್ರಾಹಕರು ಕುಬರ್ನೆಟಿಸ್‌ನ (ಬಹಳ ಕಂಟೇನರ್‌ಗಳನ್ನು ಒಟ್ಟಿಗೆ ನಿಭಾಯಿಸುವ ವ್ಯವಸ್ಥೆ) ಹೊಸ ಆವೃತ್ತಿಗೆ ಹೋದ ಮೇಲೆ ಆ ಫೈಲೇ ಕಾಣುತ್ತಿಲ್ಲ. ಲಾಗ್ ಎಲ್ಲ ಕಂಟೇನರ್ ಒಳಗಿನ ಫೈಲ್‌ಗೆ ಹೋಗಿ, ಪಾಡ್ (ಕುಬರ್ನೆಟಿಸ್ ಒಟ್ಟಿಗೆ ಓಡಿಸುವ ಕಂಟೇನರ್ ಗುಂಪು) ಸತ್ತಾಗ ಅದರ ಜೊತೆಗೇ ಮಾಯವಾಗುತ್ತಿದೆ. ಸರಿಯಾದ ಪರೀಕ್ಷೆ ಯಾವುದು?

ಉತ್ತರ: ನಿಮ್ಮ ಗ್ರಾಹಕರ ಕಡೆ ಆಗಿದ್ದೇನು ಅಂತ ಊಹಿಸಬಲ್ಲೆ. ಆ ಫೈಲ್ ಇಡುತ್ತಿದ್ದದ್ದು ಡಾಕರ್. ಕುಬರ್ನೆಟಿಸ್ 2022ರ ಮೇ ತಿಂಗಳಲ್ಲಿ ಬಂದ 1.24ನೇ ಆವೃತ್ತಿಯಲ್ಲಿ ಡಾಕರ್ ಜೊತೆ ಮಾತಾಡಲು ಇದ್ದ ಡಾಕರ್‌ಶಿಮ್ ಅನ್ನೋ ಭಾಗವನ್ನು ತೆಗೆದುಹಾಕಿತು. ಆಮೇಲೆ ಬಹಳಷ್ಟು ಕಡೆ ಪಾಡ್‌ಗಳನ್ನು ಕಂಟೇನರ್‌ಡಿ ಅನ್ನೋ ಇನ್ನೊಂದು ಸಾಫ್ಟ್‌ವೇರ್ ನೇರವಾಗಿ ಶುರು ಮಾಡುತ್ತದೆ. ಕಂಟೇನರ್‌ಡಿಗೆ ಆ ಫೈಲ್ ಇಡುವ ಅಭ್ಯಾಸ ಇಲ್ಲ. ನಿಮ್ಮ ಇಮೇಜ್ (ಕಂಟೇನರ್ ಶುರು ಮಾಡಲು ಕಟ್ಟಿಟ್ಟ ಫೈಲ್‌ಗಳ ಗಂಟು) ಅದೇ, ಕೋಡ್ ಅದೇ. ಶುರು ಮಾಡುವ ಕೈ ಮಾತ್ರ ಬದಲಾಯಿತು, ಗುರುತು ಹೋಯಿತು.

ಈ ಒಂದು ವಿಷಯ ಮನಸ್ಸಲ್ಲಿ ಗಟ್ಟಿಯಾಗಿ ಕೂತರೆ ಉಳಿದದ್ದೆಲ್ಲ ಸುಲಭ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಕಂಟೇನರ್ ಅಂದರೆ ಏನಂತಲೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನೇಮ್‌ಸ್ಪೇಸ್ ಮತ್ತು ಸಿಗ್ರೂಪ್. ಯಾವ ಪ್ರೋಸೆಸ್‌ಗೆ (ಓಡುತ್ತಿರುವ ಪ್ರೋಗ್ರಾಮ್‌ಗೆ) ಏನೇನು ಕಾಣಬೇಕು ಅನ್ನುವುದನ್ನು ನೇಮ್‌ಸ್ಪೇಸ್ ನೋಡಿಕೊಳ್ಳುತ್ತದೆ. ಯಾರು ಎಷ್ಟು ಮೆಮೊರಿ, ಎಷ್ಟು ಸಿಪಿಯು ಬಳಸಬಹುದು ಅನ್ನುವುದನ್ನು ಸಿಗ್ರೂಪ್ ನೋಡಿಕೊಳ್ಳುತ್ತದೆ. ಎರಡೂ ಒಂದೇ ದಿನ ಬಂದವಲ್ಲ. ಮೌಂಟ್ ನೇಮ್‌ಸ್ಪೇಸ್ 2002ರಲ್ಲೇ ಬಂತು. ಸಿಗ್ರೂಪ್ ಕೆಲಸವನ್ನು ಗೂಗಲ್‌ನ ಎಂಜಿನಿಯರುಗಳು 2006ರಲ್ಲಿ ಶುರು ಮಾಡಿದರು, 2008ರ ಜನವರಿಯಲ್ಲಿ ಬಂದ 2.6.24 ಕರ್ನಲ್‌ಗೆ ಅದು ಸೇರಿತು. ಯೂಸರ್ ನೇಮ್‌ಸ್ಪೇಸ್ ಒಂದು ರೂಪಕ್ಕೆ ಬಂದದ್ದು 2013ರಲ್ಲಿ, ಡಾಕರ್ ಹೊರಬಂದ ವರ್ಷವೇ. ಈ ಬಿಡಿ ಸಾಮಾನುಗಳನ್ನು ಸೇರಿಸಿ ಒಂದು ಗಂಟು ಕಟ್ಟಿ ಅದಕ್ಕೆ ಕಂಟೇನರ್ ಅಂತ ಹೆಸರಿಟ್ಟಿದ್ದು ನಾವು. ಕರ್ನಲ್ ಕಣ್ಣಿಗೆ ಅದು ಬೇರೆಲ್ಲದರ ಹಾಗೆ ಒಂದು ಪ್ರೋಸೆಸ್ ಅಷ್ಟೇ. ಹಾಗಾಗಿ ‘ನಾನು ಕಂಟೇನರ್ ಒಳಗಿದ್ದೀನಾ’ ಅಂತ ಕರ್ನಲ್ ಅನ್ನು ಕೇಳುವ ಸಿಸ್ಟಮ್ ಕಾಲ್ ಇಲ್ಲ. ನಾವು ನೋಡುವ ಗುರುತುಗಳೆಲ್ಲ ಗಂಟು ಕಟ್ಟಿದವರು ಬಿಟ್ಟುಹೋದ ಹೆಜ್ಜೆ.

ಆ ಹೆಜ್ಜೆಗಳಾದರೂ ಒಬ್ಬೊಬ್ಬರದು ಒಂದೊಂದು ಥರ. ಡಾಕರ್ ರೂಟ್‌ನಲ್ಲಿ ‘.ಡಾಕರ್‌ಎನ್ವ್’ ಇಡುತ್ತದೆ. ತೆರೆದು ನೋಡಿ, ಸೊನ್ನೆ ಬೈಟ್, ಒಳಗೆ ಏನೂ ಇಲ್ಲ. ಮೊದಲ ದಿನಗಳಲ್ಲಿ ಡಾಕರ್ ಎಲ್‌ಎಕ್ಸ್‌ಸಿ ಅನ್ನೋ ಹಳೆಯ ಕಂಟೇನರ್ ಸಾಧನದ ಮೂಲಕ ಕೆಲಸ ಮಾಡುತ್ತಿದ್ದಾಗ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು (ಪ್ರೋಗ್ರಾಮ್‌ಗೆ ಹೊರಗಿಂದ ಕೊಡುವ ಸೆಟ್ಟಿಂಗ್) ಆ ಫೈಲ್‌ನಲ್ಲಿ ಒಳಗೆ ಸಾಗಿಸುತ್ತಿತ್ತು. ಆ ಕೆಲಸ ಮುಗಿದು ಎಷ್ಟೋ ವರ್ಷ ಆಯಿತು, ಫೈಲ್ ಉಳಿದುಕೊಂಡಿದೆ. ಡಾಕರ್‌ನಂಥದೇ ಸಾಧನವಾದ ಪಾಡ್‌ಮ್ಯಾನ್ ಇಡುವುದು ‘/ರನ್/.ಕಂಟೇನರ್‌ಎನ್ವ್’. ಎಲ್‌ಎಕ್ಸ್‌ಸಿ ಮತ್ತು ಸಿಸ್ಟಮ್‌ಡಿ-ಎನ್‌ಸ್ಪಾನ್ ಅನ್ನೋ ಸಾಧನಗಳು ಒಂದನೇ ನಂಬರಿನ ಪ್ರೋಸೆಸ್‌ಗೆ ‘ಕಂಟೇನರ್’ ಅನ್ನೋ ಹೆಸರಿನದೇ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಕೊಡುತ್ತವೆ. ಕುಬರ್ನೆಟಿಸ್ ಆದರೆ ಪ್ರತಿ ಪಾಡ್‌ಗೂ ‘ಕುಬರ್ನೆಟಿಸ್_ಸರ್ವಿಸ್_ಹೋಸ್ಟ್’ ಅನ್ನೋ ವೇರಿಯಬಲ್ ಸಿಗುತ್ತದೆ. ನಿಮ್ಮ ಈಗಿನ ತೊಂದರೆಗೆ ಇವತ್ತೇ ಒಂದು ತೇಪೆ ಬೇಕು ಅಂದರೆ ಈ ಕೊನೆಯದನ್ನು ನೋಡಿ.

ಇನ್ನೊಂದು ಹಳೆಯ ಉಪಾಯ ನಿಮಗೆ ಯಾರಾದರೂ ಹೇಳೇ ಹೇಳುತ್ತಾರೆ. ‘/ಪ್ರೊಕ್/1/ಸಿಗ್ರೂಪ್’ ಫೈಲ್ ಓದಿ ಅದರಲ್ಲಿ ಡಾಕರ್ ಅನ್ನೋ ಪದ ಇದೆಯಾ ಹುಡುಕೋದು. ಅದನ್ನು ಈಗ ಬಳಸಬೇಡಿ. ಯಾಕೆ ಅಂತ ಹತ್ತಿರದಿಂದಲೇ ತೋರಿಸುತ್ತೇನೆ. ಹಳೆಯ, ಅಂದರೆ ಮೊದಲ ಆವೃತ್ತಿಯ ಸಿಗ್ರೂಪ್ ಇರುವ ಮೆಷಿನ್‌ನಲ್ಲಿ ಆ ಫೈಲ್ ತೆರೆದರೆ ಹತ್ತು ಹನ್ನೆರಡು ಸಾಲು ಬರುತ್ತದೆ. ಮೆಮೊರಿಗೊಂದು ಸಾಲು, ಸಿಪಿಯುಗೊಂದು, ಡಿವೈಸ್‌ಗೊಂದು. ಪ್ರತಿ ಸಾಲಿನ ಕೊನೆಯಲ್ಲಿ ‘/ಡಾಕರ್/’ ಅಂತ ಇದ್ದು, ಅದರ ಮುಂದೆ 64 ಅಕ್ಷರದ ಉದ್ದನೆಯ ಐಡಿ. ಎರಡನೇ ಆವೃತ್ತಿಯ ಸಿಗ್ರೂಪ್ ಇರುವ ಮೆಷಿನ್‌ನಲ್ಲಿ ಅದೇ ಇಮೇಜ್ ಓಡಿಸಿ ಅದೇ ಫೈಲ್ ತೆರೆಯಿರಿ. ಇಡೀ ಫೈಲ್‌ನಲ್ಲಿ ಇರುವುದು ಒಂದೇ ಸಾಲು: ‘0::/’. ಸೊನ್ನೆ, ಎರಡು ಕೋಲನ್, ಒಂದು ಓರೆಗೆರೆ. ಮುಗಿಯಿತು. ಕಾರಣ ಏನೆಂದರೆ ಅಲ್ಲಿ ಕಂಟೇನರ್‌ಗೆ ತನ್ನದೇ ಸಿಗ್ರೂಪ್ ನೇಮ್‌ಸ್ಪೇಸ್ ಸಿಗುತ್ತದೆ. ತಾನು ಇರುವ ಜಾಗವೇ ಅದಕ್ಕೆ ರೂಟ್ ಆಗಿ ಕಾಣುತ್ತದೆ. ಡಾಕರ್ 2020ರ ಡಿಸೆಂಬರ್‌ನಲ್ಲಿ 20.10ನೇ ಆವೃತ್ತಿಯಿಂದ ಇದಕ್ಕೆ ಸಿದ್ಧವಾಯಿತು. ಡೆಬಿಯನ್ 11, ಉಬುಂಟು 22.04 ಬಂದ ಮೇಲೆ ಎರಡನೇ ಆವೃತ್ತಿಯೇ ತಾನಾಗಿ ಸಿಗುತ್ತದೆ. ಆ ಪದ ಹುಡುಕುವ ಸ್ಕ್ರಿಪ್ಟ್‌ಗಳು ಯಾವ ಎರರ್ ಕೊಡದೆ, ತೆಪ್ಪಗೆ ‘ಇದು ಕಂಟೇನರ್ ಅಲ್ಲ’ ಅಂತ ಉತ್ತರ ಕೊಡಲು ಶುರು ಮಾಡಿದವು. ಎರರ್ ಬಂದಿದ್ದರೆ ಯಾರಾದರೂ ನೋಡುತ್ತಿದ್ದರು. ತಪ್ಪು ಉತ್ತರ ಬಂದರೆ ಯಾರಿಗೂ ಗೊತ್ತಾಗೋದಿಲ್ಲ. ನಿಮ್ಮ ಲಾಗ್ ಹೋದದ್ದೂ ಹಾಗೆಯೇ ಅಲ್ವಾ?

ಪೂರ್ತಿ ಲಿನಕ್ಸ್ ಇರುವ ಕಡೆ ‘ಸಿಸ್ಟಮ್‌ಡಿ-ಡಿಟೆಕ್ಟ್-ವರ್ಟ್’ ಅನ್ನೋ ಕಮಾಂಡ್ ಇದೆ. ನಾನು ಮೇಲೆ ಹೇಳಿದ ಗುರುತುಗಳಲ್ಲಿ ಬಹಳಷ್ಟನ್ನು ಅದೇ ಒಂದೊಂದಾಗಿ ನೋಡಿ ಹೆಸರು ಹೇಳುತ್ತದೆ. ಕೈಯಲ್ಲಿ ಬರೆದ ಪರೀಕ್ಷೆಗಿಂತ ಅದು ವಾಸಿ. ಆದರೆ ಆಲ್ಪೈನ್‌ನಂಥ ಚಿಕ್ಕ ಇಮೇಜ್‌ಗಳಲ್ಲಿ ಸಿಸ್ಟಮ್‌ಡಿಯೇ ಇರುವುದಿಲ್ಲ. ಬೇಕಾದ ಕಡೆಯಲ್ಲೇ ಅದು ಸಿಗೋದಿಲ್ಲ.

ಈಗ ನನ್ನ ಸಲಹೆ. ನಿಮಗೆ ನಿಜವಾಗಿ ಬೇಕಾಗಿರುವುದು ಕಂಟೇನರ್ ಹೌದೋ ಅಲ್ಲವೋ ಅನ್ನೋದಲ್ಲ. ಲಾಗ್ ಎಲ್ಲಿಗೆ ಬರೆಯಬೇಕು ಅನ್ನೋದು. ಅದನ್ನೇ ಒಂದು ಸೆಟ್ಟಿಂಗ್ ಮಾಡಿ. ನಿಮ್ಮ ಕಂಪನಿಯ ಹೆಸರು ಮುಂದೆ ಹಚ್ಚಿ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಇಟ್ಟುಕೊಳ್ಳಿ. ಇಮೇಜ್ ಕಟ್ಟುವ ಡಾಕರ್‌ಫೈಲ್‌ನಲ್ಲಿ ಒಂದು ಸಾಲು ಸೇರಿಸಿ, ಲಾಗ್ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಅಂತ ಬರೆದುಬಿಡಿ. ಇಮೇಜ್ ಕಟ್ಟುವವರು ನೀವೇ. ಅದು ಕಂಟೇನರ್ ಆಗಿ ಓಡುತ್ತದೆ ಅಂತ ನಿಮಗೆ ಆಗಲೇ ಗೊತ್ತು. ಗೊತ್ತಿರುವವರು ಹೇಳಿಬಿಟ್ಟರೆ ಪ್ರೋಗ್ರಾಮ್ ಊಹೆ ಮಾಡುವ ಗೋಜೇ ಇಲ್ಲ. ಮೈಕ್ರೋಸಾಫ್ಟ್ ತನ್ನ ಡಾಟ್‌ನೆಟ್ ಇಮೇಜ್‌ಗಳಲ್ಲಿ ಮಾಡಿರುವುದೂ ಇದನ್ನೇ. ‘ಡಾಟ್‌ನೆಟ್_ರನ್ನಿಂಗ್_ಇನ್_ಕಂಟೇನರ್’ ಅನ್ನೋ ವೇರಿಯಬಲ್‌ಗೆ ‘ಟ್ರೂ’ ಅಂತ ಮೊದಲೇ ಹಾಕಿಟ್ಟಿರುತ್ತಾರೆ.

ಪ್ರಶ್ನೆ: ತುಮಕೂರಿನಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಕಂಟೇನರ್ ಅಂದರೆ ಹಗುರವಾದ ವರ್ಚುವಲ್ ಮೆಷಿನ್ ಅಂತ ನೋಟ್ಸ್‌ನಲ್ಲಿ ಬರೆಸಿದ್ದಾರೆ. ಇದು ಸರಿಯಾ? ಒಳಗೆ ನಿಂತು ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುತ್ತದಾ?

ಉತ್ತರ: ಆ ವಾಕ್ಯವನ್ನು ಪರೀಕ್ಷೆಗೆ ಬರೆಯಿರಿ, ಕೆಲಸಕ್ಕೆ ಸೇರುವ ಮೊದಲು ಮರೆತುಬಿಡಿ.

ನಾನು ಬೆಳೆದದ್ದು ಬೆಂಗಳೂರಿನ ಚಾಮರಾಜಪೇಟೆಯ ಒಂದು ವಠಾರದಲ್ಲಿ. ಎಂಟು ಮನೆ. ಒಂದೊಂದಕ್ಕೂ ಬೇರೆ ಬಾಗಿಲು, ಬೇರೆ ಒಲೆ. ಬಾಗಿಲು ಹಾಕಿಕೊಂಡರೆ ನಮ್ಮ ಮನೆಯೇ ಲೋಕ. ಆದರೆ ಹಿತ್ತಲಿನ ಬಾವಿ ಒಂದೇ, ನೀರಿನ ತೊಟ್ಟಿ ಒಂದೇ. ಕಂಟೇನರ್ ಅಂದರೆ ವಠಾರದ ಮನೆ. ಬಾವಿ ಅಂದರೆ ಕರ್ನಲ್, ಎಲ್ಲರಿಗೂ ಸೇರಿ ಒಂದೇ. ವರ್ಚುವಲ್ ಮೆಷಿನ್ ಹಾಗಲ್ಲ. ಅದು ಬೇರೆ ಸೈಟಿನಲ್ಲಿ ತನ್ನದೇ ಬೋರ್‌ವೆಲ್ ಕೊರೆಸಿಕೊಂಡ ಒಂಟಿ ಮನೆ. ಅದರೊಳಗೆ ಅದರದ್ದೇ ಕರ್ನಲ್ ಬೂಟ್ ಆಗುತ್ತದೆ.

ಇದನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ನೋಡಬಹುದು. ಉಬುಂಟು ಮೇಲೆ ಒಂದು ಆಲ್ಪೈನ್ ಕಂಟೇನರ್ ತೆರೆಯಿರಿ. ‘/ಇಟಿಸಿ/ಓಎಸ್-ರಿಲೀಸ್’ ಫೈಲ್ ಓದಿದರೆ ಆಲ್ಪೈನ್ ಅಂತ ಹೇಳುತ್ತದೆ. ‘ಯುನೇಮ್’ ಕಮಾಂಡ್‌ನಲ್ಲಿ ಕರ್ನಲ್ ಆವೃತ್ತಿ ಕೇಳಿ. ಉಬುಂಟುವಿನ ಕರ್ನಲ್ ಹೆಸರೇ ಬರುತ್ತದೆ. ಬಾಗಿಲಿನ ಮೇಲಿನ ಹೆಸರು ಬೇರೆ, ಬಾವಿಯ ನೀರು ಅದೇ. ವರ್ಚುವಲ್ ಮೆಷಿನ್ ಒಳಗಾದರೆ ‘/ಪ್ರೊಕ್/ಸಿಪಿಯುಇನ್ಫೋ’ ಫೈಲ್‌ನ ಫ್ಲ್ಯಾಗ್‌ಗಳ ಉದ್ದ ಸಾಲಿನಲ್ಲಿ ‘ಹೈಪರ್‌ವೈಸರ್’ ಅನ್ನೋ ಪದ ಹುಡುಕಿ. ಇಂಟೆಲ್, ಎಎಂಡಿ ಚಿಪ್‌ಗಳ ಮೇಲೆ ಸಾಮಾನ್ಯವಾಗಿ ಸಿಗುತ್ತದೆ. ಅದನ್ನು ತೋರಿಸುವುದು ಸಿಪಿಯುವಿನ ಒಂದು ಬಿಟ್, ವರ್ಚುವಲ್ ಮೆಷಿನ್ ಓಡಿಸುವ ಹೈಪರ್‌ವೈಸರ್ ತಾನಾಗಿ ಎತ್ತಿ ಹಿಡಿಯುವ ಬಾವುಟ.

ಒಂದು ಎಚ್ಚರಿಕೆ. ಎರಡೂ ಒಟ್ಟಿಗೆ ಇರಬಹುದು. ಕ್ಲೌಡ್‌ನಲ್ಲಿ ಬಾಡಿಗೆ ಹಿಡಿದದ್ದು ವರ್ಚುವಲ್ ಮೆಷಿನ್, ಅದರೊಳಗೆ ನೀವು ಓಡಿಸುವುದು ಕಂಟೇನರ್. ಮ್ಯಾಕ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ಹಾಕಿದ ಗೆಳೆಯರು ಇದ್ದರೆ ಅವರ ಕಂಟೇನರ್‌ನಲ್ಲಿ ‘ಯುನೇಮ್’ ಹೊಡೆದು ನೋಡಿ. ‘ಲಿನಕ್ಸ್‌ಕಿಟ್’ ಅಂತ ಬರುತ್ತದೆ. ಮ್ಯಾಕ್‌ನಲ್ಲಿ ಲಿನಕ್ಸ್ ಕರ್ನಲ್ ಇಲ್ಲದ ಕಾರಣ ಡಾಕರ್ ಒಂದು ಚಿಕ್ಕ ವರ್ಚುವಲ್ ಮೆಷಿನ್ ಅನ್ನು ಒಳಗೊಳಗೇ ಓಡಿಸುತ್ತಿರುತ್ತದೆ. ಈ ಒಂದು ಪ್ರಯೋಗ ಹತ್ತು ನಿಮಿಷದ ಕೆಲಸ. ಮಾಡಿ ನೋಡಿದವರಿಗೆ ವ್ಯತ್ಯಾಸ ಜನ್ಮಕ್ಕೂ ಮರೆಯೋದಿಲ್ಲ.

ಪ್ರಶ್ನೆ: ಮಂಗಳೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಜಾವಾ ಸರ್ವಿಸ್ ದಿನಕ್ಕೆ ಎರಡು ಮೂರು ಸಲ ಇದ್ದಕ್ಕಿದ್ದ ಹಾಗೆ ಸಾಯುತ್ತದೆ. ಎಕ್ಸಿಟ್ ಕೋಡ್ 137. ಜಾವಾದ ‘ಔಟ್ ಆಫ್ ಮೆಮೊರಿ’ ಎರರ್ ಕೂಡ ಬರೋದಿಲ್ಲ. ಕಂಟೇನರ್‌ಗೆ 2 ಜಿಬಿ ಕೊಟ್ಟಿದ್ದೇವೆ, ಸರ್ವರ್‌ನಲ್ಲಿ 64 ಜಿಬಿ ಇದೆ. ಒಳಗೆ ಹೋಗಿ ‘ಫ್ರೀ’ ಕಮಾಂಡ್ ಹೊಡೆದರೆ ಬೇಕಾದಷ್ಟು ಖಾಲಿ ಇದೆ ಅನ್ನುತ್ತದೆ.

ಉತ್ತರ: ನಿಮ್ಮ ಪತ್ರ ಓದಿದಾಗ 2022ರ ನನ್ನ ಎರಡು ರಾತ್ರಿಗಳು ನೆನಪಾದವು. ಅದನ್ನೇ ಹೇಳುತ್ತೇನೆ, ನಿಮ್ಮ ಉತ್ತರ ಅದರಲ್ಲೇ ಇದೆ.

ನಾನು ಆಗ ಕೆಲಸ ಮಾಡುತ್ತಿದ್ದ ಕಡೆ ಒಂದು ಜಾವಾ ಸರ್ವಿಸ್ ಮೂರು ವರ್ಷ ಅಲುಗಾಡದೆ ಓಡಿತ್ತು. ಒಂದು ಶನಿವಾರ ಸರ್ವರ್‌ಗಳ ಆಪರೇಟಿಂಗ್ ಸಿಸ್ಟಮ್ ಅನ್ನು ಹೊಸ ಆವೃತ್ತಿಗೆ ಏರಿಸಿದೆವು. ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ ಸರ್ವಿಸ್ ಸತ್ತಿತು. 137. ಮತ್ತೆ ಎದ್ದಿತು, ನಲವತ್ತು ನಿಮಿಷಕ್ಕೆ ಮತ್ತೆ ಸತ್ತಿತು. ಕೋಡ್ ಬದಲಾಗಿಲ್ಲ, ಇಮೇಜ್ ಬದಲಾಗಿಲ್ಲ, ಮಿತಿಯೂ ಬದಲಾಗಿಲ್ಲ. ಮೆಮೊರಿ ಲೀಕ್ ಇರಬೇಕು ಅಂತ ಇಡೀ ರಾತ್ರಿ ಹೀಪ್ (ಜಾವಾ ತನ್ನ ಡೇಟಾ ಇಡುವ ಮೆಮೊರಿ) ಡಂಪ್ ನೋಡುತ್ತಾ ಕೂತೆವು. ಲೀಕ್ ಇರಲಿಲ್ಲ. ಎರಡನೇ ರಾತ್ರಿ ತಂಡದ ಕಿರಿಯ ಹುಡುಗಿಯೊಬ್ಬಳು ಕಂಟೇನರ್ ಒಳಗೆ ಹೋಗಿ ‘/ಸಿಸ್/ಎಫ್‌ಎಸ್/ಸಿಗ್ರೂಪ್’ ಡೈರೆಕ್ಟರಿ ಪಟ್ಟಿ ಮಾಡಿದಳು. ‘ಸರ್, ಮೆಮೊರಿ ಅನ್ನೋ ಡೈರೆಕ್ಟರಿನೇ ಇಲ್ಲ’ ಅಂದಳು. ಮೊದಲು ಅಲ್ಲಿ ‘ಮೆಮೊರಿ’ ಡೈರೆಕ್ಟರಿ, ಅದರೊಳಗೆ ‘ಮೆಮೊರಿ.ಲಿಮಿಟ್_ಇನ್_ಬೈಟ್ಸ್’ ಅನ್ನೋ ಫೈಲ್ ಇರುತ್ತಿತ್ತು. ಅದರ ಬದಲು ಈಗ ಇದ್ದದ್ದು ‘ಮೆಮೊರಿ.ಮ್ಯಾಕ್ಸ್’ ಅನ್ನೋ ಫೈಲ್. ಒಳಗೆ 2147483648. ಅಂದರೆ ಸರಿಯಾಗಿ 2 ಜಿಬಿ. ಮಿತಿ ಅಲ್ಲೇ ಇತ್ತು. ನಮ್ಮ ಹಳೆಯ ಜಾವಾ ಅದನ್ನು ಹಳೆಯ ಜಾಗದಲ್ಲಿ ಹುಡುಕಿ, ಸಿಗದೆ, ಮಿತಿಯೇ ಇಲ್ಲ ಅಂದುಕೊಂಡಿತ್ತು.

ಮಿತಿ ಇಲ್ಲ ಅಂದುಕೊಂಡ ಜಾವಾ ಏನು ಮಾಡುತ್ತದೆ? ಮೆಷಿನ್‌ನ ಒಟ್ಟು ಮೆಮೊರಿಯ ನಾಲ್ಕನೇ ಒಂದು ಭಾಗವನ್ನು ಹೀಪ್‌ನ ಗರಿಷ್ಠ ಅಂತ ಇಟ್ಟುಕೊಳ್ಳುತ್ತದೆ. ನಿಮ್ಮ 64 ಜಿಬಿ ಸರ್ವರ್‌ನಲ್ಲಿ ಅದು 16 ಜಿಬಿ. ಆದರೆ ಸಿಗ್ರೂಪ್ ಬಿಡುವುದು ಎರಡೇ. ವಠಾರದ ತೊಟ್ಟಿಯಲ್ಲಿ ನೀರು ತುಂಬಿರುವುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ನಿಮ್ಮ ಮನೆಗೆ ದಿನಕ್ಕೆ ನಾಲ್ಕೇ ಕೊಡ ಅನ್ನೋ ಲೆಕ್ಕ ಮಾತ್ರ ಯಜಮಾನರ ಪುಸ್ತಕದಲ್ಲಿ ಇರುತ್ತಿತ್ತು. ಹೊಸದಾಗಿ ಬಂದವರು ತೊಟ್ಟಿ ನೋಡಿ ಕೊಡ ಇಳಿಸುತ್ತಾರೆ, ಐದನೇ ಕೊಡಕ್ಕೆ ಜಗಳ. ‘ಫ್ರೀ’ ಕಮಾಂಡ್ ನಿಮಗೆ ತೋರಿಸುತ್ತಿರುವುದು ತೊಟ್ಟಿಯನ್ನು. ಅದು ಇಡೀ ಸರ್ವರ್‌ನ ಲೆಕ್ಕ ಓದುತ್ತದೆ, ನಿಮ್ಮ ಪಾಲಿನದಲ್ಲ. ಹೀಪ್ ತುಂಬುವ ಮೊದಲೇ ಕರ್ನಲ್ ಬಂದು 9ನೇ ಸಿಗ್ನಲ್ ಕೊಟ್ಟು ಕೊಲ್ಲುತ್ತದೆ. 128ಕ್ಕೆ 9 ಕೂಡಿಸಿದರೆ 137. ಜಾವಾಗೆ ಬಾಯಿ ತೆರೆಯಲೂ ಸಮಯ ಸಿಗೋದಿಲ್ಲ, ಅದಕ್ಕೇ ಎರರ್ ಇಲ್ಲ.

ಯಾವ ಜಾವಾಗೆ ಎಷ್ಟು ಗೊತ್ತು ಅನ್ನೋದು ಸ್ಪಷ್ಟವಾಗಿ ಇದೆ. ಮೊದಲ ಸಿಗ್ರೂಪ್‌ನ ಮಿತಿಯನ್ನು ತಾನಾಗಿ ಓದುವುದು 2018ರಲ್ಲಿ ಜಾವಾ 10ರಿಂದ ಶುರುವಾಯಿತು. ಅದೇ ವರ್ಷ ಅದನ್ನು ಜಾವಾ 8ರ 191ನೇ ಅಪ್‌ಡೇಟ್‌ಗೂ ತಂದರು. ಎರಡನೇ ಸಿಗ್ರೂಪ್ ಅರ್ಥವಾಗುವುದು ಜಾವಾ 15ರಿಂದ. 11ನ್ನು ಬಳಸುವವರಿಗೆ 11.0.16 ಬೇಕು. 8ರಲ್ಲೇ ಇರುವವರಿಗೆ ಓಪನ್‌ಜೆಡಿಕೆಯ 372ನೇ ಅಪ್‌ಡೇಟ್ ಬೇಕು, ಅದು ಬಂದದ್ದು 2023ರಲ್ಲಿ. ನೀವು ನಿಮ್ಮ ಆವೃತ್ತಿ ಬರೆದಿಲ್ಲ. ಮೊದಲು ಅದನ್ನು ನೋಡಿ. ಜಾವಾ 11 ಅಥವಾ ಅದಕ್ಕಿಂತ ಹೊಸದಾದರೆ ‘ಎಕ್ಸ್‌ಶೋಸೆಟ್ಟಿಂಗ್ಸ್’ ಆಯ್ಕೆಗೆ ‘ಸಿಸ್ಟಮ್’ ಅಂತ ಕೊಟ್ಟು ಓಡಿಸಿ. ಯಾವ ಸಿಗ್ರೂಪ್ ಕಂಡಿತು, ಎಷ್ಟು ಮೆಮೊರಿ ಮಿತಿ ಓದಿತು ಅಂತ ಜಾವಾವೇ ಅಚ್ಚು ಹಾಕುತ್ತದೆ.

ಆವೃತ್ತಿ ಏರಿಸಿ ಅಲ್ಲಿಗೇ ಬಿಡಬೇಡಿ. ಮಿತಿ ಸರಿಯಾಗಿ ಓದಿದರೂ ಜಾವಾ ತಾನಾಗಿ ತೆಗೆದುಕೊಳ್ಳುವುದು ನಾಲ್ಕನೇ ಒಂದು ಭಾಗವೇ. 2 ಜಿಬಿಯಲ್ಲಿ ಹೀಪ್‌ಗೆ 512 ಎಂಬಿ ಮಾತ್ರ. ಉಳಿದದ್ದು ಸುಮ್ನೆ ಬಿದ್ದಿರುತ್ತದೆ. ‘ಮ್ಯಾಕ್ಸ್‌ರ್‍ಯಾಮ್‌ಪರ್ಸೆಂಟೇಜ್’ (ಹೀಪ್‌ಗೆ ಕೊಡುವ ಶೇಕಡಾ ಪಾಲು) ಅನ್ನು 70ರ ಆಸುಪಾಸಿಗೆ ಇಡಿ. ನೂರಕ್ಕೆ ಹತ್ತಿರ ತೆಗೆದುಕೊಂಡು ಹೋಗಬೇಡಿ, ಥ್ರೆಡ್‌ಗಳಿಗೆ, ಮೆಟಾಸ್ಪೇಸ್‌ಗೆ ಹೀಪ್‌ನ ಹೊರಗೆ ಜಾಗ ಬೇಕು. ಜಾವಾ ಬದಲಿಸಲು ಆಗದೇ ಇದ್ದರೆ ನಾವು ಆ ರಾತ್ರಿ ಮಾಡಿದ್ದನ್ನೇ ಮಾಡಿ. ಹೀಪ್‌ನ ಗರಿಷ್ಠ ಹೇಳುವ ‘ಎಕ್ಸ್‌ಎಂಎಕ್ಸ್’ ಅನ್ನು ಕೈಯಾರೆ 1400 ಎಂಬಿಗೆ ಇಟ್ಟೆವು. ಆಮೇಲೆ ಅದು ಸಾಯಲಿಲ್ಲ.

ಇದು ಜಾವಾದ ಒಂದರ ಕಥೆಯಲ್ಲ ಅಂತಲೂ ಹೇಳಬೇಕು. ಸಿಪಿಯು ಮಿತಿ ಇರುವುದು ‘ಸಿಪಿಯು.ಮ್ಯಾಕ್ಸ್’ ಫೈಲ್‌ನಲ್ಲಿ. ಅದರಲ್ಲಿ ‘200000 100000’ ಅಂತ ಇದ್ದರೆ ಎರಡು ಸಿಪಿಯು ಅಂತ ಅರ್ಥ, ಮೊದಲ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಿದರೆ ಆಯಿತು. ಗೋ ಭಾಷೆಯ ರನ್‌ಟೈಮ್ ಇದನ್ನು ತಾನಾಗಿ ಓದಲು ಕಲಿತದ್ದು 2025ರ ಆಗಸ್ಟ್‌ನಲ್ಲಿ ಬಂದ 1.25ನೇ ಆವೃತ್ತಿಯಲ್ಲಿ. ಅದಕ್ಕೂ ಮೊದಲಿನ ಗೋ ಪ್ರೋಗ್ರಾಮ್, 32 ಕೋರ್ ಸರ್ವರ್‌ನಲ್ಲಿ ಎರಡೇ ಸಿಪಿಯು ಕೊಟ್ಟರೂ, ಒಟ್ಟಿಗೆ 32 ಥ್ರೆಡ್ ಓಡಿಸಲು ನೋಡುತ್ತದೆ. ಪ್ರೋಗ್ರಾಮ್ ಬರೆಯುವವರು ಹುಡುಕಬೇಕಾದ್ದು ಈ ಎರಡು ಫೈಲ್‌ಗಳನ್ನು. ನನ್ನ ಪಾಲು ಎಷ್ಟು ಅಂತ ತಿಳಿದರೆ, ನಾನು ಕಂಟೇನರ್ ಒಳಗಿದ್ದೀನೋ ಇಲ್ಲವೋ ಅನ್ನುವ ಪ್ರಶ್ನೆ ಏಳುವುದೇ ಇಲ್ಲ.

ಪ್ರಶ್ನೆ: ಮೈಸೂರು. ನಮ್ಮ ಉತ್ಪನ್ನದ ಲೈಸೆನ್ಸ್ ಒಂದು ಮೆಷಿನ್‌ಗೆ ಒಂದು. ಕಂಟೇನರ್ ಒಳಗೆ ಓಡಿಸಿದರೆ ಎಷ್ಟು ಬೇಕಾದರೂ ನಕಲು ಮಾಡುತ್ತಾರೆ ಅಂತ ನಮ್ಮ ಮ್ಯಾನೇಜರ್‌ಗೆ ಭಯ. ಕಂಟೇನರ್ ಅಂತ ಗೊತ್ತಾದರೆ ಪ್ರೋಗ್ರಾಮ್ ನಿಲ್ಲಬೇಕು. ನೂರಕ್ಕೆ ನೂರು ನಂಬಬಹುದಾದ ಪರೀಕ್ಷೆ ಇದೆಯಾ?

ಉತ್ತರ: ಇಲ್ಲ. ನಿಮ್ಮ ಮ್ಯಾನೇಜರ್‌ಗೆ ಇಷ್ಟೇ ಖಚಿತವಾಗಿ ಹೇಳಿ.

ತುಂಬಾ ಹತ್ತಿರ ಹೋಗುವ ಪರೀಕ್ಷೆ ಒಂದಿದೆ, ನನಗೆ ಇಷ್ಟವಾದದ್ದೂ ಹೌದು. ‘/ಪ್ರೊಕ್/ಸೆಲ್ಫ್/ಎನ್‌ಎಸ್/ಪಿಐಡಿ’ ಅನ್ನೋ ಲಿಂಕ್ ಓದಿದರೆ ಒಂದು ಸಂಖ್ಯೆ ಬರುತ್ತದೆ. ಕರ್ನಲ್ ಬೂಟ್ ಆದಾಗ ಹುಟ್ಟುವ ಮೊದಲ ಪಿಐಡಿ (ಪ್ರೋಸೆಸ್ ನಂಬರ್) ನೇಮ್‌ಸ್ಪೇಸ್‌ನ ಸಂಖ್ಯೆ 4026531836. ಇದು ಕರ್ನಲ್ ಕೋಡ್‌ನಲ್ಲೇ ಬರೆದಿಟ್ಟ ಸಂಖ್ಯೆ. ಬೇರೆ ಸಂಖ್ಯೆ ಬಂದರೆ ನೀವು ಬೇರೆ ನೇಮ್‌ಸ್ಪೇಸ್‌ನಲ್ಲಿ ಇದ್ದೀರಿ. ಇನ್ನೊಂದು ದಾರಿ, ಎರಡನೇ ನಂಬರಿನ ಪ್ರೋಸೆಸ್ ಯಾವುದು ಅಂತ ನೋಡೋದು. ನಿಜವಾದ ಮೆಷಿನ್‌ನಲ್ಲಿ ಅದು ‘ಕೆಥ್ರೆಡ್‌ಡಿ’, ಕರ್ನಲ್‌ನ ಸ್ವಂತ ಥ್ರೆಡ್‌ಗಳ ತಾಯಿ. ಮಾಮೂಲಿ ಕಂಟೇನರ್ ಒಳಗೆ ಅದು ಕಾಣೋದಿಲ್ಲ.

ಆದರೆ ಡಾಕರ್‌ಗೆ ಹೋಸ್ಟ್‌ನ ಪಿಐಡಿ ನೇಮ್‌ಸ್ಪೇಸ್ ಅನ್ನೇ ಕೊಡು ಅಂತ ಒಂದು ಆಯ್ಕೆ ಕೊಟ್ಟರೆ ಸಾಕು. ಸಂಖ್ಯೆ 4026531836 ಬರುತ್ತದೆ, ಕೆಥ್ರೆಡ್‌ಡಿಯೂ ಕಾಣುತ್ತದೆ. ಉಲ್ಟಾ ತಪ್ಪು ಇನ್ನೂ ಕೆಟ್ಟದ್ದು. ಲಿನಕ್ಸ್‌ನಲ್ಲಿ ಕ್ರೋಮ್ ತೆರೆದರೆ ಅದರ ಟ್ಯಾಬ್‌ಗಳನ್ನು ಓಡಿಸುವ ಪ್ರೋಸೆಸ್‌ಗಳು ಸುರಕ್ಷತೆಗೆ ಅಂತ ಬೇರೆ ಪಿಐಡಿ ನೇಮ್‌ಸ್ಪೇಸ್‌ನಲ್ಲಿ ಇರುತ್ತವೆ. ಫ್ಲ್ಯಾಟ್‌ಪ್ಯಾಕ್‌ನಲ್ಲಿ ಹಾಕಿದ ಅಪ್ಲಿಕೇಶನ್‌ಗಳೂ ಹಾಗೇ. ಅವನ್ನು ಯಾರೂ ಕಂಟೇನರ್ ಅನ್ನೋದಿಲ್ಲ. ಇನ್ನು ‘.ಡಾಕರ್‌ಎನ್ವ್’ ಅಂತೂ ಬರೀ ಒಂದು ಖಾಲಿ ಫೈಲ್. ಕಂಟೇನರ್‌ನಲ್ಲಿ ಅಳಿಸಬಹುದು, ಮಾಮೂಲಿ ಮೆಷಿನ್‌ನಲ್ಲಿ ಸೃಷ್ಟಿಸಲೂಬಹುದು. ಕರ್ನಲ್ ಯಾರ ಕೈಯಲ್ಲಿದೆಯೋ ಅವರು ಒಳಗಿನ ಪ್ರೋಗ್ರಾಮ್‌ಗೆ ಏನು ಬೇಕಾದರೂ ತೋರಿಸಬಹುದು. ಆ ಕರ್ನಲ್ ಇರುವುದು ನಿಮ್ಮ ಗ್ರಾಹಕರ ಕೈಯಲ್ಲಿ.

ಹೀಗಾಗಿ ನಿಮ್ಮ ಪರೀಕ್ಷೆಗೆ ಸಿಕ್ಕಿಬೀಳುವವರು ದುಡ್ಡು ಕೊಟ್ಟು, ನೇರವಾಗಿ ಕಂಟೇನರ್‌ನಲ್ಲಿ ಓಡಿಸುವವರು ಮಾತ್ರ. ನಕಲು ಮಾಡಲೇಬೇಕು ಅಂತ ಹೊರಟವರು ಒಂದು ಸಂಜೆಯಲ್ಲಿ ದಾಟಿಹೋಗುತ್ತಾರೆ. ಪ್ರಾಮಾಣಿಕ ಗ್ರಾಹಕರಿಗೆ ಮಾತ್ರ ಹೊಡೆತ ಬೀಳುವ ಕೆಲಸ ದಯವಿಟ್ಟು ಮಾಡಬೇಡಿ. ಮೆಷಿನ್ ಎಣಿಸುವುದನ್ನು ಬಿಟ್ಟು, ಒಟ್ಟಿಗೆ ಎಷ್ಟು ಜನ ಬಳಸುತ್ತಿದ್ದಾರೆ ಅಂತ ಒಂದು ಲೈಸೆನ್ಸ್ ಸರ್ವರ್ ಇಟ್ಟು ಎಣಿಸಿ. ಕಂಟೇನರ್‌ನ ಹೋಸ್ಟ್‌ನೇಮ್‌ಗೆ ಲೈಸೆನ್ಸ್ ಕಟ್ಟುವ ಯೋಚನೆ ಇದ್ದರೆ ಅದನ್ನೂ ಕೈಬಿಡಿ. ಡಾಕರ್ ತಾನಾಗಿ ಕೊಡುವ ಹೋಸ್ಟ್‌ನೇಮ್ ಅಂದರೆ ಐಡಿಯ ಮೊದಲ 12 ಅಕ್ಷರ. ಹೊಸ ಕಂಟೇನರ್ ಹುಟ್ಟಿದ ಪ್ರತಿ ಸಲವೂ ಅದು ಬೇರೆ.

ಪ್ರಶ್ನೆ: ಶಿವಮೊಗ್ಗದಿಂದ. ಚಿಕ್ಕ ಪ್ರಶ್ನೆ. ನನ್ನ ಪೈಥಾನ್ ಪ್ರೋಗ್ರಾಮ್ ಅನ್ನು ಲ್ಯಾಪ್‌ಟಾಪ್‌ನಲ್ಲಿ ‘ಕಿಲ್’ ಮಾಡಿದರೆ ತಕ್ಷಣ ನಿಲ್ಲುತ್ತದೆ. ಅದನ್ನೇ ಕಂಟೇನರ್‌ನಲ್ಲಿ ‘ಡಾಕರ್ ಸ್ಟಾಪ್’ ಮಾಡಿದರೆ ಪ್ರತಿ ಸಲ ಸರಿಯಾಗಿ ಹತ್ತು ಸೆಕೆಂಡ್ ತೆಗೆದುಕೊಳ್ಳುತ್ತದೆ. ಕಂಟೇನರ್ ಒಳಗಿದ್ದೇನೆ ಅಂತ ಪೈಥಾನ್‌ಗೆ ಹೇಗೆ ಗೊತ್ತಾಗುತ್ತಿದೆ?

ಉತ್ತರ: ಪೈಥಾನ್‌ಗೆ ಗೊತ್ತಾಗುತ್ತಿಲ್ಲ. ಅದಕ್ಕೆ ಸಿಕ್ಕಿರುವ ನಂಬರ್ ಬದಲಾಗಿದೆ. ನಿಮ್ಮ ಪ್ರೋಗ್ರಾಮ್ ಒಳಗೆ ‘ಓಎಸ್.ಗೆಟ್‌ಪಿಐಡಿ’ ಅಚ್ಚು ಹಾಕಿ ನೋಡಿ. 1 ಅಂತ ಬರುತ್ತದೆ.

ಲಿನಕ್ಸ್‌ನಲ್ಲಿ ಒಂದನೇ ನಂಬರಿನ ಪ್ರೋಸೆಸ್ ಅಂದರೆ ಮನೆಯ ಯಜಮಾನ. ಅದು ಸತ್ತರೆ ಆ ನೇಮ್‌ಸ್ಪೇಸ್‌ನಲ್ಲಿ ಇರುವವರೆಲ್ಲ ಸಾಯುತ್ತಾರೆ. ಹಾಗಾಗಿ ಕರ್ನಲ್ ಅದನ್ನು ವಿಶೇಷವಾಗಿ ಕಾಯುತ್ತದೆ. ಬೇರೆ ಪ್ರೋಸೆಸ್‌ಗೆ ಸಿಗ್‌ಟರ್ಮ್ (ನಿಲ್ಲು ಅನ್ನೋ ಸಿಗ್ನಲ್) ಬಂದರೆ, ಅದಕ್ಕೆ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಕೋಡ್) ಇಲ್ಲದಿದ್ದರೆ, ಸತ್ತು ಹೋಗುತ್ತದೆ. ಒಂದನೇ ನಂಬರಿನವನಿಗೆ ಹ್ಯಾಂಡ್ಲರ್ ಇಲ್ಲದಿದ್ದರೆ ಕರ್ನಲ್ ಆ ಸಿಗ್ನಲ್ ಅನ್ನೇ ಬಿಸಾಕುತ್ತದೆ. ಪೈಥಾನ್ ಕಂಟ್ರೋಲ್-ಸಿ ಒತ್ತಿದಾಗ ಬರುವ ಸಿಗ್‌ಇಂಟ್‌ಗೆ ತಾನಾಗಿ ಹ್ಯಾಂಡ್ಲರ್ ಹಾಕಿಕೊಂಡಿರುತ್ತದೆ, ಸಿಗ್‌ಟರ್ಮ್‌ಗೆ ಹಾಕಿರೋದಿಲ್ಲ. ಡಾಕರ್ ಕಳಿಸುವುದು ಸಿಗ್‌ಟರ್ಮ್. ಉತ್ತರ ಬರೋದಿಲ್ಲ. ಹತ್ತು ಸೆಕೆಂಡ್ ಕಾಯುತ್ತದೆ, ಆಮೇಲೆ 9ನೇ ಸಿಗ್ನಲ್ ಕೊಟ್ಟು ಕೊಲ್ಲುತ್ತದೆ. ಕುಬರ್ನೆಟಿಸ್‌ನಲ್ಲಾದರೆ ಆ ಕಾಯುವಿಕೆ 30 ಸೆಕೆಂಡ್. ಆ ಹೊತ್ತಿಗೆ ಅರ್ಧ ಬರೆದ ಫೈಲ್, ಅರ್ಧ ಮುಗಿದ ಡೇಟಾಬೇಸ್ ಕೆಲಸ ಏನಿದ್ದರೂ ಹಾಗೇ ಕತ್ತರಿಸಿ ಹೋಗುತ್ತದೆ. ನಿಧಾನ ಅಂತ ನೀವು ಬರೆದಿದ್ದೀರಿ. ನನಗೆ ಭಯ ಇರುವುದು ಈ ಎರಡನೆಯದರ ಬಗ್ಗೆ.

ಸರಿಪಡಿಸುವುದು ಕಷ್ಟವಲ್ಲ. ಪ್ರೋಗ್ರಾಮ್ ಶುರುವಿನಲ್ಲಿ ‘ಸಿಗ್ನಲ್.ಸಿಗ್ನಲ್’ ಕರೆದು ಸಿಗ್‌ಟರ್ಮ್‌ಗೆ ಒಂದು ಹ್ಯಾಂಡ್ಲರ್ ಹಾಕಿ, ಅದರಲ್ಲಿ ಫೈಲ್‌ಗಳನ್ನು ಮುಚ್ಚಿ ಹೊರಬನ್ನಿ. ಕೋಡ್ ಮುಟ್ಟಲು ಆಗದಿದ್ದರೆ ಕಂಟೇನರ್ ಶುರು ಮಾಡುವಾಗ ‘ಇನಿಟ್’ ಆಯ್ಕೆ ಕೊಡಿ. ‘ಟಿನಿ’ ಅನ್ನೋ ಪುಟ್ಟ ಪ್ರೋಗ್ರಾಮ್ ಒಂದನೇ ನಂಬರ್ ಆಗುತ್ತದೆ. ನಿಮ್ಮ ಪೈಥಾನ್ ಅದರ ಮಗುವಾಗುತ್ತದೆ, ಸಿಗ್ನಲ್ ಮಾಮೂಲಾಗಿ ತಲುಪುತ್ತದೆ. ಡಾಕರ್‌ಫೈಲ್‌ನ ಕೊನೆಯ ಸಾಲನ್ನೂ ನೋಡಿ. ಕಮಾಂಡ್ ಅನ್ನು ಚೌಕ ಆವರಣದ ಪಟ್ಟಿಯಾಗಿ ಬರೆಯದೆ ಬಿಡಿಯಾಗಿ ಬರೆದಿದ್ದರೆ ಡಾಕರ್ ನಡುವೆ ಒಂದು ಶೆಲ್ ತರುತ್ತದೆ. ಆಗ ಒಂದನೇ ನಂಬರ್ ಶೆಲ್‌ಗೆ ಹೋಗಬಹುದು. ಅದು ಸಿಗ್ನಲ್ ಅನ್ನು ಮಗುವಿಗೆ ದಾಟಿಸೋದಿಲ್ಲ, ನಿಮ್ಮ ಹ್ಯಾಂಡ್ಲರ್ ಸರಿಯಿದ್ದರೂ ಪ್ರಯೋಜನ ಇಲ್ಲ.

ಒಂದು ಮಾತು ಮಂಗಳೂರಿನ ಓದುಗರಿಗೂ ಸೇರಿಸಿ. ಹತ್ತು ಸೆಕೆಂಡ್ ಆದ ಮೇಲೆ ಸತ್ತ ನಿಮ್ಮ ಕಂಟೇನರ್‌ನ ಎಕ್ಸಿಟ್ ಕೋಡ್ ಕೂಡ 137ನೇ, ಕೊಂದದ್ದು ಅದೇ 9ನೇ ಸಿಗ್ನಲ್ ಆದ್ದರಿಂದ. ಮೆಮೊರಿ ಮುಗಿದು ಸತ್ತಿತಾ, ಕಾದು ಕಾದು ಕೊಂದರಾ ಅಂತ ತಿಳಿಯಬೇಕಾದರೆ ‘ಡಾಕರ್ ಇನ್‌ಸ್ಪೆಕ್ಟ್’ ಹೊಡೆದು ‘ಓಓಎಂಕಿಲ್ಡ್’ ಅನ್ನೋ ಸಾಲು ನೋಡಿ. ಮಂಗಳೂರಿನವರಿಗೆ ಅಲ್ಲಿ ‘ಟ್ರೂ’ ಇರಬೇಕು, ನಿಮಗೆ ‘ಫಾಲ್ಸ್’. ಹ್ಯಾಂಡ್ಲರ್ ಹಾಕಿದ ಮೇಲೆ ‘ಡಾಕರ್ ಸ್ಟಾಪ್’ ಮುಂದೆ ‘ಟೈಮ್’ ಸೇರಿಸಿ ಓಡಿಸಿ. ಒಂದು ಸೆಕೆಂಡ್‌ಗಿಂತ ಕಡಿಮೆ ಬಂದು, ಎಕ್ಸಿಟ್ ಕೋಡ್ 0 ಆದರೆ ಕೆಲಸ ಆಯಿತು. ಇನ್ನೂ ಹತ್ತೇ ಬಂದರೆ ನಿಮ್ಮ ಡಾಕರ್‌ಫೈಲ್‌ನ ಕೊನೆಯ ಎರಡು ಸಾಲು ಬರೆದು ಕಳಿಸಿ.